ಸಂತೆಯಿಂದ ಸಂತೆಗೆ: ತರಕಾರಿ ಸಿಗದ ಊರಲ್ಲಿ ಕಡಿಮೆ ದುಡ್ಡಿಗೆ ಚೆನ್ನಾಗಿ ಉಣ್ಣುವ ದಾರಿ

ನಾನು ಮದುವೆಯಾಗಿ ಬಂದ ಊರು ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಒಂದು ಸಣ್ಣ ಹಟ್ಟಿ. ಊರಲ್ಲಿ ಎರಡು ಅಂಗಡಿ ಇವೆ. ಎರಡರ ಬಾಗಿಲಿಗೂ ತೋರಣ ಕಟ್ಟಿದ ಹಾಗೆ ಚಿಪ್ಸ್, ಕುರುಕಲು ಪ್ಯಾಕೆಟ್‌ಗಳು ತೂಗುತ್ತಿರುತ್ತವೆ. ಒಳಗೆ ಬಿಸ್ಕತ್ತು, ಟೀ ಪುಡಿ, ಸಕ್ಕರೆ, ಪಾಮಾಯಿಲ್. ಒಂದೊಂದು ದಿನ ಟೊಮೆಟೊ ಇರುತ್ತದೆ, ಅದೂ ಮೆತ್ತಗಾಗಿರುತ್ತದೆ. ಸೊಪ್ಪು, ಹಣ್ಣು, ಒಳ್ಳೆಯ ಬೇಳೆ ಬೇಕು ಅಂದರೆ 14 ಕಿಲೋಮೀಟರ್ ದೂರದ ಸಂತೆಗೆ ಹೋಗಬೇಕು. ಸಂತೆ ಸೇರುವುದು ವಾರಕ್ಕೆ ಒಂದೇ ದಿನ.

ಇಂಥ ಜಾಗಗಳನ್ನು ಆಹಾರದ ಮರುಭೂಮಿ ಅಂತ ಕರೆಯುತ್ತಾರೆ. ಅಮೆರಿಕದ ಕೃಷಿ ಇಲಾಖೆ ಇದಕ್ಕೆ ಒಂದು ಅಳತೆ ಇಟ್ಟಿದೆ. ಹಳ್ಳಿಗಾಡಿನಲ್ಲಿ ದೊಡ್ಡ ದಿನಸಿ ಅಂಗಡಿ 10 ಮೈಲಿಗಿಂತ, ಅಂದರೆ 16 ಕಿಲೋಮೀಟರಿಗಿಂತ ದೂರ ಇರಬೇಕು, ಜನರ ಆದಾಯವೂ ಕಡಿಮೆ ಇರಬೇಕು. ಅಲ್ಲಿ ಹೆಚ್ಚಿನ ಮನೆಗಳಲ್ಲಿ ಕಾರು ಇರುತ್ತದೆ. ನಮಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಆ ದೂರವನ್ನು ನಾವು ಮೈಲಿಯಲ್ಲಲ್ಲ, ದಿನದಲ್ಲಿ ಎಣಿಸಬೇಕು. ಒಂದು ಸಂತೆಯಿಂದ ಇನ್ನೊಂದು ಸಂತೆಗೆ 7 ದಿನ.

ನೋವಾಗುವ ವಿಷಯ ಏನೆಂದರೆ, ನಮ್ಮದು ಬೆಳೆ ಬೆಳೆಯುವ ಊರು. ಕಡ್ಲೆಕಾಯಿ, ತೊಗರಿ ಇಲ್ಲೇ ಬೆಳೆಯುತ್ತದೆ. ಹಾಲು ಇಲ್ಲೇ ಕರೆಯುತ್ತಾರೆ. ಆದರೆ ಬೆಳೆದದ್ದು ಮಂಡಿಗೆ ಹೋಗುತ್ತದೆ, ಕರೆದದ್ದು ಡೇರಿಗೆ ಹೋಗುತ್ತದೆ, ಮನೆಗೆ ಪ್ಯಾಕೆಟ್ ಬರುತ್ತದೆ. ನಮ್ಮತ್ತೆ ಹೇಳುವ ಪ್ರಕಾರ ಅವರ ಕಾಲದಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲೇ (ರಾಗಿಯ ನಡುವೆ ಬೇರೆ ಬೆಳೆ ಬಿತ್ತುವ ಸಾಲು) ಅವರೆ, ಅಲಸಂದೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಎಲ್ಲ ಬರುತ್ತಿತ್ತು. ಈಗ ಹೊಲದ ತುಂಬ ಒಂದೇ ಬೆಳೆ. ಹಳೆಯದನ್ನೆಲ್ಲ ವಾಪಸ್ ತರಲು ನಮ್ಮ ಕೈಲಿ ಆಗುವುದಿಲ್ಲ. ಆದರೆ ಕೂಲಿ ದುಡ್ಡಲ್ಲೇ ಮಕ್ಕಳಿಗೆ ಸರಿಯಾದ ಊಟ ಹಾಕಬಹುದು. ಆರು ವರ್ಷದಿಂದ ನಾನು ಮಾಡಿ ನೋಡಿದ್ದನ್ನು, ತಪ್ಪು ಮಾಡಿ ತಿದ್ದಿಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಒಂದು ವಾರ ಬರೆದಿಡಿ

ಮಕ್ಕಳ ಹಳೇ ನೋಟ್‌ಬುಕ್ ಸಾಕು. ಒಂದು ವಾರ ತಿನ್ನುವ ವಸ್ತು ಏನು ತಂದಿರಿ, ಎಲ್ಲಿಂದ ತಂದಿರಿ, ಎಷ್ಟು ಕೊಟ್ಟಿರಿ ಅಂತ ಬರೆಯಿರಿ. ಏನನ್ನೂ ಬಿಡಬೇಡಿ, ಸಾಲಕ್ಕೆ ಬರೆಸಿ ತಂದದ್ದನ್ನೂ ಸೇರಿಸಿ.

ನಾನು ಬರೆದಾಗ ಕಂಡದ್ದು ಇದು: ಇಬ್ಬರು ಮಕ್ಕಳಿಗೆ ದಿನಕ್ಕೆ ತಲಾ ಒಂದು 10 ರೂಪಾಯಿ ಪ್ಯಾಕೆಟ್. ವಾರಕ್ಕೆ 140 ರೂಪಾಯಿ. ಅದೇ ವಾರ ನಾನು ಸಂತೆಯಲ್ಲಿ ತರಕಾರಿಗೆ ಕೊಟ್ಟದ್ದು 110. ಪ್ಯಾಕೆಟ್ ಹಿಂದೆ ತೂಕ ಬರೆದಿರುತ್ತದೆ, ಒಮ್ಮೆ ಓದಿ. 25 ಗ್ರಾಂ ಅಂತ ಇದ್ದರೆ ಕೆಜಿಗೆ 400 ರೂಪಾಯಿ ಕೊಟ್ಟು ತಿಂದ ಹಾಗಾಯಿತು. ಅಷ್ಟು ದುಡ್ಡಿಗೆ ಒಳ್ಳೆ ಕಡ್ಲೆಬೀಜ ಎರಡು ಕೆಜಿಗೂ ಜಾಸ್ತಿ ಬರುತ್ತದೆ.

ಬರೆಸಿ ತರುವ ಅಂಗಡಿಯ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಬಾಕಿ ಇರುವ ಅಂಗಡಿಯಲ್ಲಿ ರೇಟು ಕೇಳಲು ಬಾಯಿ ಬರುವುದಿಲ್ಲ. ಬಾಕಿ ಇದ್ದಾಗ ಬೇರೆ ಕಡೆ ಕೊಳ್ಳಲು ಮನಸ್ಸೂ ಬರುವುದಿಲ್ಲ. ಆ ಬಾಕಿಯನ್ನು ವಾರಕ್ಕೆ 50 ರೂಪಾಯಿಯಂತೆ ಆದರೂ ಇಳಿಸುತ್ತಾ ಬನ್ನಿ. ನನಗೆ ಅದನ್ನು ತೀರಿಸಲು ಏಳು ತಿಂಗಳು ಹಿಡಿಯಿತು. ತೀರಿದ ಮೇಲೆಯೇ ಸಂತೆಗೆ ಕೈಯಲ್ಲಿ ದುಡ್ಡು ಹಿಡಿದು ಹೋಗಲು ಆಯಿತು.

2. ಎಷ್ಟು ಬೇಕು ಅನ್ನುವುದು ಗೊತ್ತಿರಲಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಊಟದ ಬಗ್ಗೆ ಹೊಸ ಮಾರ್ಗಸೂಚಿ ಕೊಟ್ಟಿದೆ. ಅದರಲ್ಲಿ ದಿನಕ್ಕೆ ಒಬ್ಬರಿಗೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಸೊಪ್ಪು, 100 ಗ್ರಾಂ ಹಣ್ಣು, 300 ಮಿಲಿ ಹಾಲು ಅಂತ ಇದೆ.

ನಾಲ್ಕು ಜನರ ಮನೆಗೆ ಲೆಕ್ಕ ಹಾಕಿ. ವಾರಕ್ಕೆ ಬೇಳೆಕಾಳು 2.4 ಕೆಜಿ, ತರಕಾರಿ 11 ಕೆಜಿ. 11 ಕೆಜಿ ತರಕಾರಿಗೆ ದುಡ್ಡು ಎಲ್ಲಿಂದ ತರೋದು, ಬಸ್ಸಿನಲ್ಲಿ ಹೊತ್ತು ತರೋದು ಹೇಗೆ? ನನಗೂ ಆಗುವುದಿಲ್ಲ. ಮಕ್ಕಳಿಗೆ ಅಷ್ಟು ಬೇಕಾಗುವುದೂ ಇಲ್ಲ. ನಾನು ಇಟ್ಟುಕೊಂಡಿರುವ ಗುರಿ ಇಷ್ಟು: ಮನೆಗೆ ದಿನಕ್ಕೆ 200 ಗ್ರಾಂ ಕಾಳು ಅಥವಾ ಬೇಳೆ, ವಾರಕ್ಕೆ ಸುಮಾರು ಒಂದೂವರೆ ಕೆಜಿ. ಸಂತೆಯಿಂದ 5 ಕೆಜಿ ತರಕಾರಿ. ಮಿಕ್ಕ ಸೊಪ್ಪು ತರಕಾರಿ ಹಿತ್ತಲಿಂದ, ಹೊಲದಿಂದ. ಈ ಲೆಕ್ಕ ತಲೆಯಲ್ಲಿದ್ದರೆ ಮುಂದಿನ ಹೆಜ್ಜೆಗಳು ಯಾಕೆ ಅನ್ನುವುದು ತಿಳಿಯುತ್ತದೆ.

3. ಬರಬೇಕಾದ್ದನ್ನು ಬಿಡದೆ ತೆಗೆದುಕೊಳ್ಳಿ

ಧಾನ್ಯಕ್ಕೆ ದುಡ್ಡು ಹೋಗದಿದ್ದರೆ ಕಾಳಿಗೆ, ತರಕಾರಿಗೆ ದುಡ್ಡು ಉಳಿಯುತ್ತದೆ. ಹಾಗಾಗಿ ರೇಷನ್ ಮೊದಲು.

2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ (ಬಿಪಿಎಲ್) ಕಾರ್ಡಿಗೆ ತಿಂಗಳಿಗೆ ತಲೆಗೆ 5 ಕೆಜಿ, ಕಡು ಬಡವರ ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕೆಜಿ ಧಾನ್ಯ ಸಿಗಬೇಕು. ಅದರ ಮೇಲೆ ಅನ್ನಭಾಗ್ಯದಲ್ಲಿ ರಾಜ್ಯ ಸರ್ಕಾರ ಕೊಡುವ ಪಾಲು ಕಾಲಕಾಲಕ್ಕೆ ಬದಲಾಗಿದೆ. 2023ರಲ್ಲಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿ ಖಾತೆಗೆ ಬಂತು. 2025ರಲ್ಲಿ ಮತ್ತೆ ಅಕ್ಕಿ ಬಂತು. ಈ ತಿಂಗಳು ನಿಮ್ಮ ಪಾಲು ಏನು ಅಂತ ಪ್ರತಿ ತಿಂಗಳೂ ಕೇಳಿ ತಿಳಿದುಕೊಳ್ಳಿ, ರಸೀದಿ ಕೇಳಿ ಪಡೆಯಿರಿ. ನಮ್ಮ ಕಡೆ ರಾಗಿ ಬಂದ ತಿಂಗಳು ರಾಗಿ ಬಿಡಬೇಡಿ.

ನಮ್ಮತ್ತೆಯ ಬೆರಳು ಕಳೆ ಕಿತ್ತು, ಕಡ್ಲೆಕಾಯಿ ಬಿಡಿಸಿ ಸವೆದು ಹೋಗಿದೆ. ಯಂತ್ರ ಅವರ ಬೆರಳಚ್ಚು ತೆಗೆದುಕೊಳ್ಳಲಿಲ್ಲ. ಮೂರು ಸಲ ಖಾಲಿ ಚೀಲ ಹಿಡಿದು ವಾಪಸ್ ಬಂದರು. ಕಾರ್ಡಿನಲ್ಲಿ ಹೆಸರಿರುವ ಮನೆಯ ಬೇರೆ ಯಾರಾದರೂ ಹೋಗಿ ಬೆರಳು ಕೊಡಬಹುದು ಅನ್ನುವುದು ನಮಗೆ ಆಮೇಲೆ ಗೊತ್ತಾಯಿತು. ತೊಂದರೆಯಾದರೆ 1967 ನಂಬರಿಗೆ ಫೋನ್ ಮಾಡಿ ದೂರು ಕೊಡಬಹುದು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು ಅಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಅದೇ ಕಾರ್ಡಿಗೆ ರೇಷನ್ ತೆಗೆದುಕೊಳ್ಳಬಹುದು.

ಇನ್ನೊಂದು ಮಾತು. ರೇಷನ್ ಅಕ್ಕಿಯಲ್ಲಿ ಬಣ್ಣ ಸ್ವಲ್ಪ ಬೇರೆ ಇರುವ, ನೀರಲ್ಲಿ ತೇಲುವ ಕಾಳು ಸಿಗಬಹುದು. ನಮ್ಮೂರಲ್ಲಿ ಅದನ್ನು ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಬಿಸಾಡುತ್ತಿದ್ದರು. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳು. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಬಿಸಾಡಬೇಡಿ. ಜಾಸ್ತಿ ಸಲ ತೊಳೆಯಬೇಡಿ, ಗಂಜಿ ಬಸಿದು ಚೆಲ್ಲಬೇಡಿ. ಮನೆಯಲ್ಲಿ ಥಲಸ್ಸೇಮಿಯಾ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇರುವವರಿದ್ದರೆ ಮಾತ್ರ ಡಾಕ್ಟರನ್ನು ಕೇಳಿ.

ಅಕ್ಕಿ ಜಾಸ್ತಿ ಉಳಿದರೆ ಗಾಡಿಯವರಿಗೆ ಮಾರಬೇಡಿ. ಅವರು ಕೊಡುವ ದುಡ್ಡು ಬಹಳ ಕಡಿಮೆ, ಅದು ಕಾನೂನಿಗೂ ತಪ್ಪು. ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಹುರುಳಿ ಅಥವಾ ಅಲಸಂದೆ ನೆನೆಸಿ ರುಬ್ಬಿದರೆ ಒಳ್ಳೆ ದೋಸೆ ಆಗುತ್ತದೆ. ಅನ್ನದ ಜೊತೆ ಕಾಳು ಹೊಟ್ಟೆಗೆ ಸೇರುತ್ತದೆ.

ಬಸುರಿ, ಬಾಣಂತಿ ಮನೆಯಲ್ಲಿದ್ದರೆ ಅಂಗನವಾಡಿಯಲ್ಲಿ ಹೆಸರು ಬರೆಸಿ. ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಶುರುವಾಯಿತು. ಅದರಲ್ಲಿ ಬಿಸಿಯೂಟ, ಮೊಟ್ಟೆ, ಹಾಲು ಇದೆ. 6 ತಿಂಗಳಿಂದ 3 ವರ್ಷದ ಮಕ್ಕಳಿಗೆ ಮನೆಗೆ ಪುಷ್ಟಿ ಪುಡಿ ಕೊಡುತ್ತಾರೆ. ಅದನ್ನು ದನಕ್ಕೆ ಹಾಕಿದ ಮನೆಗಳನ್ನು ನಾನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಸ್ವಲ್ಪ ಹುರಿದು, ಬೆಲ್ಲ ಹಾಕಿ ಉಂಡೆ ಮಾಡಿ ಕೊಟ್ಟರೆ ಮಗು ತಿನ್ನುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಇದೆ. ಮಗು ಶಾಲೆಯಲ್ಲಿ ಏನು ತಿಂದಿತು ಅಂತ ದಿನಾ ಕೇಳಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪ್ಯಾಕೆಟ್ ತಿಂದು ಹೋದ ಮಗು ಮಧ್ಯಾಹ್ನ ಸರಿಯಾಗಿ ಉಣ್ಣುವುದಿಲ್ಲ.

4. ಸಂತೆಗೆ ಹೋಗುವ ಕ್ರಮ

ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆದರೆ ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಅದರಲ್ಲಿ ದುಡ್ಡು ಕೊಡಲೇಬೇಕು. ಸರ್ಕಾರಿ ಬಸ್ಸು ಎಷ್ಟು ಹೊತ್ತಿಗೆ, ಯಾವ ಗೇಟಿಗೆ ಬರುತ್ತದೆ ಅಂತ ತಿಳಿದುಕೊಂಡು ಗೋಡೆ ಮೇಲೆ ಬರೆದಿಡಿ. ಎರಡು ಕಿಲೋಮೀಟರ್ ನಡೆದು ರಸ್ತೆಗೆ ಹೋದರೆ ಬಸ್ಸು ಸಿಗುತ್ತದೆ ಅಂದರೆ ನಾನು ನಡೆಯುತ್ತೇನೆ. ಉಳಿದ ದುಡ್ಡಿಗೆ ಅರ್ಧ ಡಜನ್ ಬಾಳೆಹಣ್ಣು ಬರುತ್ತದೆ.

ದುಡ್ಡನ್ನು ಮನೆಯಲ್ಲೇ ಮೂರು ಭಾಗ ಮಾಡಿ ಕಟ್ಟಿಕೊಳ್ಳಿ. ಒಂದು ಕಾಳುಬೇಳೆಗೆ, ಒಂದು ತರಕಾರಿ ಹಣ್ಣಿಗೆ, ಒಂದು ಎಣ್ಣೆ ಉಪ್ಪು ಸೋಪಿಗೆ. ಸಂತೆಯ ಬಾಯಲ್ಲೇ ಬೋಂಡಾ, ಬಟ್ಟೆ, ಪ್ಲಾಸ್ಟಿಕ್ ಸಾಮಾನು ಇರುತ್ತದೆ. ಮೊದಲು ಕಾಳು ಕೊಂಡುಬಿಡಿ. ಆಮೇಲೆ ಸೊಪ್ಪು. ಸೊಪ್ಪನ್ನು ಬಿಸಿಲೇರುವ ಮುಂಚೆ ಕೊಳ್ಳಬೇಕು. ಈರುಳ್ಳಿ, ಬದನೆ, ಕುಂಬಳ, ಮೂಲಂಗಿಗೆ ಸಂತೆ ಮುಗಿಯುವ ಹೊತ್ತೇ ಒಳ್ಳೆಯದು. ಆಗ ಗುಡ್ಡೆ ದೊಡ್ಡದಾಗುತ್ತದೆ, ಕೊಡುವವರೂ ಕೈ ಬಿಚ್ಚಿ ಹಾಕುತ್ತಾರೆ. ಕೊನೇ ಬಸ್ಸಿನ ಹೊತ್ತು ಮಾತ್ರ ಮರೆಯಬೇಡಿ. ಒಮ್ಮೆ ಅಗ್ಗದ ಬದನೆಗೆ ಕಾದು ಬಸ್ಸು ತಪ್ಪಿಸಿಕೊಂಡೆ. ಆಟೋಗೆ ಕೊಟ್ಟ ದುಡ್ಡಿಗೆ ಮೂರು ವಾರದ ಬದನೆ ಬರುತ್ತಿತ್ತು.

ತಂದದ್ದರಲ್ಲಿ ಯಾವ ದಿನ ಯಾವುದು ಅಂತ ಗೊತ್ತು ಮಾಡಿಕೊಂಡು ಅಡುಗೆ ಮಾಡುವುದೇ ಮುಖ್ಯ. ಸಂತೆಯಾದ ಎರಡು ದಿನ ಧಾರಾಳವಾಗಿ ಮಾಡಿ, ಆಮೇಲೆ ಐದು ದಿನ ಬರೀ ಉಪ್ಪುಖಾರ ಅನ್ನುವುದು ನಮ್ಮ ಹಳ್ಳಿ ಮನೆಗಳಲ್ಲಿ ಬಹಳ. ನಾನು ಹೀಗೆ ಮಾಡುತ್ತೇನೆ:

- ಸಂತೆ ದಿನ ರಾತ್ರಿ ಮತ್ತು ಮಾರನೇ ದಿನ: ದಂಟು, ಮೆಂತ್ಯ, ಸಬ್ಬಸಿಗೆ, ಮೂಲಂಗಿಯ ಎಲೆ. ಬಸ್ಸಾರು, ಮಸ್ಸೊಪ್ಪು. ಹಣ್ಣಾದ ಟೊಮೆಟೊ ಕೂಡ ಈಗಲೇ.
- 3, 4ನೇ ದಿನ: ಬೆಂಡೆ, ಬೀನ್ಸ್, ಹೀರೆ, ಬದನೆ.
- 5, 6ನೇ ದಿನ: ಸಿಹಿಕುಂಬಳ, ಮೂಲಂಗಿ, ಆಲೂಗಡ್ಡೆ, ಎಲೆಕೋಸು.
- 7ನೇ ದಿನ ಮತ್ತು ಸಂತೆ ದಿನ ಮಧ್ಯಾಹ್ನ: ಮೊಳಕೆ ಹುರುಳಿ, ನುಗ್ಗೆ ಸೊಪ್ಪು, ಒಣಗಿಸಿಟ್ಟದ್ದು.

ಫ್ರಿಜ್ ಬೇಕಿಲ್ಲ. ಸೊಪ್ಪಿನ ಕಟ್ಟು ಬಿಚ್ಚಿ, ಕೊಳೆತ ಎಲೆ ತೆಗೆದು, ಬೇರು ನೀರಲ್ಲಿ ಮುಳುಗುವಂತೆ ಚೊಂಬಿನಲ್ಲಿ ನಿಲ್ಲಿಸಿ ಮೇಲೆ ಒದ್ದೆ ಬಟ್ಟೆ ಹೊದಿಸಿ. ಟೊಮೆಟೊ ತೊಳೆಯದೆ ಇಡಿ. ಹಸಿಮೆಣಸಿನಕಾಯಿಯ ತೊಟ್ಟು ಮುರಿದು ಒಣ ಬಟ್ಟೆಯಲ್ಲಿ ಇಡಿ. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು ನಡುವೆ ಮರಳು ತುಂಬಿ, ದಿನಕ್ಕೆ ಎರಡು ಸಲ ಮರಳಿಗೆ ನೀರು ಚಿಮುಕಿಸಿದರೆ ಒಳಗೆ ತಂಪಿರುತ್ತದೆ. ನಮ್ಮ ಒಣ ಹವೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬೀನ್ಸ್, ಬೆಂಡೆ ನಾಲ್ಕು ದಿನ ಬಾಡದೆ ಇದ್ದದ್ದನ್ನು ನೋಡಿದ್ದೇನೆ. ಮಳೆಗಾಲದಲ್ಲಿ ಅಷ್ಟು ತಂಪಾಗುವುದಿಲ್ಲ.

5. ಕಾಳನ್ನು ಸುಗ್ಗಿಯಲ್ಲಿ ಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಮಾತು ಹಿಡಿಯಿರಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ತರಕಾರಿ ವಾರಕ್ಕೊಮ್ಮೆ, ಕಾಳು ವರ್ಷಕ್ಕೊಮ್ಮೆ.

ಒಟ್ಟಿಗೆ ಸ್ವಲ್ಪ ದುಡ್ಡು ಕೈಗೆ ಬಂದ ದಿನ ಮೊದಲು ಕಾಳು ಕೊಳ್ಳಿ. ಅದು ಗೃಹಲಕ್ಷ್ಮಿಯ 2000 ಇರಬಹುದು, ಕುರಿ ಮಾರಿದ್ದು ಇರಬಹುದು. ಕಡ್ಲೆಕಾಯಿ ಕಿತ್ತ ಮೇಲೆ ಅಕ್ಟೋಬರ್, ನವೆಂಬರಿನಲ್ಲಿ ಅಗ್ಗ. ಹುರುಳಿ ಡಿಸೆಂಬರ್, ಜನವರಿ. ತೊಗರಿ ಸಂಕ್ರಾಂತಿ ಆಸುಪಾಸು. ಹುಣಸೆ, ಒಣಮೆಣಸಿನಕಾಯಿ ಶಿವರಾತ್ರಿ ಹೊತ್ತಿಗೆ. ಅಂಗಡಿಯಲ್ಲಿ ಕಾಲು ಕೆಜಿ, ಅರ್ಧ ಕೆಜಿ ತಂದರೆ ವರ್ಷಕ್ಕೆ ಎಷ್ಟು ಜಾಸ್ತಿ ಕೊಟ್ಟಿರಿ ಅಂತ ನಿಮ್ಮ ನೋಟ್‌ಬುಕ್ಕೇ ಹೇಳುತ್ತದೆ. ಹೊಲ ಇರುವವರು ಬೆಳೆದದ್ದನ್ನೆಲ್ಲ ಮಂಡಿಗೆ ಹಾಕುವ ಮುಂಚೆ ಮನೆಯ ಚೀಲ ಪಕ್ಕಕ್ಕಿಡಿ. ಕೂಲಿಗೆ ಹೋಗುವವರು ಸುಗ್ಗಿಯಲ್ಲಿ ಕೂಲಿಯ ಒಂದು ಭಾಗವನ್ನು ಕಾಳಿನಲ್ಲೇ ಕೇಳಿ. ನಮ್ಮೂರಲ್ಲಿ ಕೇಳಿದರೆ ಕೊಡುತ್ತಾರೆ.

ಒಬ್ಬರಿಗೇ 50 ಕೆಜಿ ಚೀಲ ಆಗದಿದ್ದರೆ ಸ್ತ್ರೀಶಕ್ತಿ ಸಂಘದಲ್ಲಿ ಮಾತಾಡಿ. ನಾವು ಹತ್ತು ಮನೆ ಸೇರಿ ಒಂದು ಚೀಲ ತೊಗರಿ ಕೊಂಡು ತಲಾ 5 ಕೆಜಿ ಹಂಚಿಕೊಂಡೆವು. ತೂಕಕ್ಕೆ ಹಾಲಿನ ಡೇರಿಯ ತಕ್ಕಡಿ ಕೇಳಿ ತಂದೆವು.

ಇಡುವ ಬಗೆ ಹೀಗೆ. ಎರಡು ದಿನ ಚುರುಕು ಬಿಸಿಲಿಗೆ ಹರಡಿ. ರಾತ್ರಿ ಆರಲು ಬಿಟ್ಟು ಮಾರನೇ ದಿನ ತುಂಬಿ. ಬಿಸಿ ಇರುವಾಗಲೇ ಡಬ್ಬಕ್ಕೆ ಹಾಕಿದರೆ ಒಳಗೆ ಬೆವೆತು ಹುಳು ಬೀಳುತ್ತದೆ. ನನ್ನ ಮೊದಲ ವರ್ಷದ ಹುರುಳಿ ಹಾಗೇ ಹಾಳಾಯಿತು. ಬೇಳೆಗೆ ಕೆಜಿಗೆ ಒಂದು ಚಮಚದಂತೆ ಹರಳೆಣ್ಣೆ ಸವರಿ. ಒಡೆಯದ ಇಡೀ ಕಾಳಿಗೆ ಒಣಗಿದ ಬೇವಿನ ಸೊಪ್ಪು ಹಾಕಿ. ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಇಡುವುದು ಇನ್ನೂ ಗಟ್ಟಿ. ಕಡ್ಲೆಬೀಜಕ್ಕೆ ಬೂಷ್ಟು ಹಿಡಿದಿದ್ದರೆ, ಕಹಿ ಬಂದಿದ್ದರೆ ಮಾತ್ರ ಮನಸ್ಸು ಗಟ್ಟಿ ಮಾಡಿ ಎಸೆಯಿರಿ. ಆ ಬೂಷ್ಟಿನ ವಿಷ ಲಿವರಿಗೆ ಕೆಟ್ಟದ್ದು, ಹುರಿದರೂ ಹೋಗುವುದಿಲ್ಲ. ದನಕ್ಕೂ ಹಾಕಬೇಡಿ.

ಹುರುಳಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ತೊಗರಿ ಬೇಳೆಗೆ ಸಮ. ರೇಟು ಕಡಿಮೆ. ಮಳೆ ಕೈಕೊಟ್ಟ ವರ್ಷವೂ ಬೆಳೆಯುತ್ತದೆ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ: ಕಟ್ಟು ಬಸಿದು ಸಾರು, ಕಾಳಿಗೆ ಈರುಳ್ಳಿ ಒಗ್ಗರಣೆ ಹಾಕಿ ಉಸಲಿ. ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಬೇಗ ಬೇಯುತ್ತದೆ, ಸೌದೆ ಉಳಿಯುತ್ತದೆ. ಅದರಲ್ಲಿರುವ ಕಬ್ಬಿಣದ ಅಂಶವೂ ಮೈಗೆ ಜಾಸ್ತಿ ಸೇರುತ್ತದೆ. ಮೇಲೆ ನಿಂಬೆಹಣ್ಣು ಹಿಂಡಿ. ಊಟವಾದ ಒಂದು ಗಂಟೆ ಟೀ ಬೇಡ, ಟೀ ಆ ಕಬ್ಬಿಣವನ್ನು ಮೈಗೆ ಸೇರಲು ಬಿಡುವುದಿಲ್ಲ. ರಕ್ತ ಕಡಿಮೆ ಇರುವ ಹೆಂಗಸರು ಇದೊಂದು ಮಾಡಿ ನೋಡಿ.

ರಾಗಿ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ 10ರ ಆಸುಪಾಸು. ಅನ್ನ ಇದೆ ಅಂತ ಮುದ್ದೆ ಬಿಡಬೇಡಿ. ದಿನಕ್ಕೆ ಒಂದು ಹೊತ್ತಾದರೂ ಇರಲಿ.

6. ಬಚ್ಚಲ ನೀರು ಬೀದಿಗೆ ಹೋಗಲು ಬಿಡಬೇಡಿ

ಹಿತ್ತಲು ಅಂದರೆ ದೊಡ್ಡ ತೋಟ ಅಲ್ಲ. ನನ್ನದು 10 ಅಡಿಗೆ 12 ಅಡಿ. ನಮ್ಮಲ್ಲಿ ನೀರೇ ಇಲ್ಲ ಅನ್ನುತ್ತೀರಿ, ನಿಜ. ಆದರೆ ನಾಲ್ಕು ಜನ ಸ್ನಾನ ಮಾಡಿ, ಪಾತ್ರೆ ತೊಳೆದ ನೀರು ದಿನಾ ಬೀದಿಗೆ ಹರಿಯುತ್ತದೆ ಅಲ್ವಾ? ಅಷ್ಟೇ ಸಾಕು.

ಬಚ್ಚಲಿಂದ ಒಂದು ಸಣ್ಣ ಕಾಲುವೆ ತೋಡಿ. ಬಾಯಲ್ಲಿ ಜಲ್ಲಿ, ಇದ್ದಿಲು, ಮರಳು ಹಾಕಿದ ಒಂದು ಗುಂಡಿ ಇರಲಿ. ಸೋಪಿನ ನೀರು ಮೊದಲು ಅಲ್ಲಿ ಸೋಸಲಿ. ಆ ನೀರು ಮರಗಳ ಬುಡಕ್ಕೆ ಹೋಗಲಿ: ಒಂದು ಬಾಳೆ, ಒಂದು ಪರಂಗಿ, ಒಂದು ನುಗ್ಗೆ, ಒಂದು ಕರಿಬೇವು. ಬಟ್ಟೆ ಒಗೆದ ಪುಡಿ ನೀರು ಬೇಡ. ಹಸಿಯಾಗಿ ತಿನ್ನುವ ಸೊಪ್ಪಿಗೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಮಾತ್ರ.

ಎಲ್ಲಕ್ಕಿಂತ ಮೊದಲು ನುಗ್ಗೆ ಹಾಕಿ. ಅದಕ್ಕೆ ನೀರು ಕಡಿಮೆ ಸಾಕು, ಸೊಪ್ಪು ವರ್ಷಪೂರ್ತಿ ಸಿಗುತ್ತದೆ. ಬೀಜದಿಂದ ಬರುವ ತಳಿಗಳಲ್ಲಿ ತಮಿಳುನಾಡಿನ ಪಿಕೆಎಂ-1, ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ಇವೆ. ಗಿಡ ಸೊಂಟದೆತ್ತರ ಬಂದಾಗ ಕುಡಿ ಚಿವುಟಿ. ಹಾಗೆ ಮಾಡದಿದ್ದರೆ ಮನೆಗಿಂತ ಎತ್ತರ ಹೋಗಿ ಸೊಪ್ಪು ಕೈಗೆ ಸಿಗುವುದಿಲ್ಲ. ಎರಡು ಹಿಡಿ ನುಗ್ಗೆ ಸೊಪ್ಪು ಯಾವ ಬೇಳೆಗೂ ಹೊಂದುತ್ತದೆ. ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಚಟ್ನಿಪುಡಿಗೂ ಸೇರಿಸಬಹುದು.

ದಂಟು, ಹರಿವೆಯನ್ನು ಒಂದೇ ದಿನ ಬಿತ್ತಬೇಡಿ. ಮೂರು ಅಡಿ ಅಗಲದ ನಾಲ್ಕು ಪಾತಿ ಮಾಡಿ, ವಾರಕ್ಕೊಂದು ಪಾತಿ ಬಿತ್ತಿ. ಸುಮಾರು ಒಂದು ತಿಂಗಳಿಗೆ ಮೊದಲ ಪಾತಿ ಕೀಳಲು ಬರುತ್ತದೆ. ಕಿತ್ತ ಪಾತಿಗೆ ಮತ್ತೆ ಬಿತ್ತಿ. ಹೀಗೆ ಸಂತೆಯ ಐದನೇ ದಿನಕ್ಕೂ ಮನೆಯಲ್ಲಿ ಹಸಿ ಸೊಪ್ಪು ಇರುತ್ತದೆ. ಬೇಲಿಗೆ ಬಸಳೆ, ತೊಂಡೆ ಹಬ್ಬಿಸಿ. ತಿಪ್ಪೆ ಪಕ್ಕ ಒಂದು ಸಿಹಿಕುಂಬಳ ಹಾಕಿ. ಬಲಿತ ಕುಂಬಳ ಅಟ್ಟದ ಮೇಲೆ ಎರಡು ಮೂರು ತಿಂಗಳು ಕೆಡದೆ ಇರುತ್ತದೆ.

ಕೋಳಿ, ಮೇಕೆ ನನ್ನ ಹಿತ್ತಲನ್ನು ಎರಡು ಸಲ ಪೂರ್ತಿ ಮೇಯ್ದು ಮುಗಿಸಿದವು. ಅತ್ತುಬಿಟ್ಟಿದ್ದೆ. ಮೊದಲು ಬೇಲಿ, ಆಮೇಲೆ ಬೀಜ. ಜಾಲಿ ಮುಳ್ಳಿನ ಬೇಲಿ ಸಾಕು.

7. ಹೊಲದ ಬೆರಕೆ ಸೊಪ್ಪು

ಮಳೆ ಬಿದ್ದ ಮೂರು ವಾರಕ್ಕೆ ಹೊಲದ ಬದುವಿನಲ್ಲಿ ಅಣ್ಣೆ, ಗೋಣಿ, ಹೊನಗೊನ್ನೆ, ಗಣಿಕೆ, ಕಿರಕಸಾಲೆ, ಚಿಲಕರಿವೆ ಎಲ್ಲ ಬರುತ್ತವೆ. ಇದಕ್ಕೆ ಒಂದು ಪೈಸೆ ಇಲ್ಲ. ಆದರೆ ಸೊಪ್ಪು ಕೀಳಲು ಹೋದರೆ ಬಡವರು ಅಂತ ಆಡಿಕೊಳ್ಳುತ್ತಾರೆ ಅನ್ನುವ ನಾಚಿಕೆ ನಮ್ಮ ವಯಸ್ಸಿನವರಲ್ಲಿ ಬಂದುಬಿಟ್ಟಿದೆ. ನನಗೂ ಇತ್ತು. ನಮ್ಮತ್ತೆ ಒಂದು ಮಳೆಗಾಲ ಪೂರ್ತಿ ಜೊತೆಗೆ ಕರೆದುಕೊಂಡು ಹೋಗಿ ಒಂದೊಂದನ್ನೂ ಗುರುತು ಹಿಡಿಸಿದರು. ನಿಮ್ಮೂರಲ್ಲೂ ಇಂಥ ಒಬ್ಬ ಅಜ್ಜಿ ಇದ್ದೇ ಇರುತ್ತಾರೆ, ಅವರ ಜೊತೆ ಹೋಗಿ. ಗುರುತಿಲ್ಲದ ಸೊಪ್ಪು ಕೀಳಬೇಡಿ. ಕಳೆನಾಶಕ, ಔಷಧಿ ಹೊಡೆದ ಹೊಲಕ್ಕೆ ಕಾಲಿಡಬೇಡಿ, ಮೊದಲು ಹೊಲದವರನ್ನು ಕೇಳಿ. ಗಣಿಕೆಯ ಹಸಿರು ಕಾಯಿ ತಿನ್ನಬಾರದು, ಪೂರ್ತಿ ಕಪ್ಪಾಗಿ ಹಣ್ಣಾದದ್ದು ಮಾತ್ರ.

ಹಣ್ಣಿಗೂ ಇದೇ ಮಾತು. ಸೀತಾಫಲ, ಯಲಚಿ, ಕಾರೆ, ನೇರಳೆ, ನೆಲ್ಲಿ ನಮ್ಮ ಗುಡ್ಡಗಳಲ್ಲೇ ಇವೆ. ನೆಲ್ಲಿಕಾಯಿಯನ್ನು ಉಪ್ಪು ಹಾಕಿ ಒಣಗಿಸಿಟ್ಟರೆ ಬೇಸಿಗೆಗೂ ಆಗುತ್ತದೆ.

8. ಹಾಲು, ಮೊಟ್ಟೆ, ನೀರು

ಹಸು ಇರುವ ಮನೆಯವರು ಡೇರಿಗೆ ಹೊರಡುವ ಮುಂಚೆ ಅರ್ಧ ಲೀಟರ್ ಮನೆಗೆ ಅಳೆದಿಡಿ. ಕ್ಯಾನು ಡೇರಿಗೆ ಹೋದ ಮೇಲೆ ಮಕ್ಕಳಿಗೆ ಏನೂ ಉಳಿಯುವುದಿಲ್ಲ. ಹಸು ಇಲ್ಲದವರು ಹಸು ಇರುವ ಮನೆಯಲ್ಲೇ ಕೇಳಿ ಕೊಂಡರೆ ಪ್ಯಾಕೆಟ್ ಹಾಲಿಗಿಂತ ಅಗ್ಗಕ್ಕೆ ಸಿಗಬಹುದು. ನಾಲ್ಕು ನಾಟಿ ಕೋಳಿ ಇದ್ದರೆ ಎಲ್ಲ ಮೊಟ್ಟೆ ಮಾರಬೇಡಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ಕೋಳಿ ಹಿತ್ತಲಿಗೆ ಹೊಂದುತ್ತದೆ, ಆದರೆ ಅದು ಸರಿಯಾಗಿ ಕಾವು ಕೂರುವುದಿಲ್ಲ. ಮರಿಗೆ ನಾಟಿ ಕೋಳಿಯೂ ಒಂದಿರಲಿ.

ಪಾವಗಡದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಅದು ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರ ತಂದು ಅಡುಗೆಗೆ ನಲ್ಲಿ ನೀರು ಹಾಕುತ್ತೇವೆ, ಇದು ತಪ್ಪು. ಅನ್ನ, ಮುದ್ದೆ, ಸಾರು ಎಲ್ಲ ಆ ನಲ್ಲಿ ನೀರನ್ನೇ ಕುಡಿದು ಕೂತಿರುತ್ತವೆ. ಘಟಕದ ನೀರು ಒಂದು ಕ್ಯಾನು ಜಾಸ್ತಿ ತನ್ನಿ, ಅಡುಗೆಗೂ ಅದೇ ಇರಲಿ.

9. ಮಕ್ಕಳ ಕೈಗೆ ಕೊಡಲು ಏನಾದರೂ ಇರಬೇಕು

ಪ್ಯಾಕೆಟ್ ಬೇಡ ಅಂತ ಗದರಿದರೆ ಮಕ್ಕಳು ಬಿಡುವುದಿಲ್ಲ. ನಾಲ್ಕೂವರೆಗೆ ಶಾಲೆಯಿಂದ ಹಸಿದು ಬರುತ್ತವೆ. ಆ ಹೊತ್ತಿಗೆ ಕೈಗೆ ಏನು ಸಿಗುತ್ತದೋ ಅದನ್ನು ತಿನ್ನುತ್ತವೆ. ಹಾಗಾಗಿ ನಾನು ಸಂತೆ ದಿನ ರಾತ್ರಿಯೇ ವಾರದ ತಿಂಡಿ ಮಾಡಿಡುತ್ತೇನೆ. ಹುರಿದ ಕಡ್ಲೆಬೀಜ ಮತ್ತು ಬೆಲ್ಲದ ಉಂಡೆ. ರಾಗಿ ಹುರಿಹಿಟ್ಟು. ಹುರಿಗಡಲೆ, ಮಂಡಕ್ಕಿ, ಒಣಕೊಬ್ಬರಿ ಸೇರಿಸಿದ ಒಂದು ಡಬ್ಬ. ಬೇಯಿಸಿದ ಅಲಸಂದೆಗೆ ಉಪ್ಪುಖಾರ.

ಪೂರ್ತಿ ನಿಲ್ಲಿಸಲು ಹೋಗಬೇಡಿ. ನನ್ನ ಮಕ್ಕಳಿಗೆ ಸಂತೆ ದಿನ ತಲಾ ಒಂದು ಪ್ಯಾಕೆಟ್ ಇದೆ. ಅವರೇ ಆರಿಸುತ್ತಾರೆ. ಮಿಕ್ಕ ಆರು ದಿನ ಡಬ್ಬ. ಮೊದಲ ಮೂರು ವಾರ ಅತ್ತರು, ನಾಲ್ಕನೇ ವಾರಕ್ಕೆ ಡಬ್ಬ ಖಾಲಿ ಮಾಡಿದರು. ವಾರಕ್ಕೆ 120 ರೂಪಾಯಿ ಉಳಿಯಿತು. ಅದರಲ್ಲಿ ಒಂದು ಭಾಗ ಡಬ್ಬಕ್ಕೆ ಹೋಗುತ್ತದೆ, ಮಿಕ್ಕದ್ದು ಮೊಟ್ಟೆಗೆ.

10. ಊರ ಅಂಗಡಿಯವರ ಜೊತೆ ಮಾತಾಡಿ

ಅಂಗಡಿಯವರು ನಮ್ಮವರೇ. ಪ್ಯಾಕೆಟ್ ಕೆಡುವುದಿಲ್ಲ, ಕಂಪನಿಯ ಗಾಡಿ ಬಾಗಿಲಿಗೇ ತಂದು ಹಾಕುತ್ತದೆ, ಅದಕ್ಕೇ ಇಡುತ್ತಾರೆ. ಸೊಪ್ಪು ಸಂಜೆಗೆ ಬಾಡಿದರೆ ಅವರಿಗೆ ನಷ್ಟ. ಆ ನಷ್ಟದ ಭಯ ಹೋಗಬೇಕು. ನಾವು ಎಂಟು ಮನೆಯವರು ಹೋಗಿ, ವಾರದ ನಡುವೆ ಗುರುವಾರ ಮೊಟ್ಟೆ, ಟೊಮೆಟೊ, ಈರುಳ್ಳಿ, ಒಂದು ತರಕಾರಿ ತಂದರೆ ನಾವು ತಗೊಂಡೇ ತಗೊಳ್ಳುತ್ತೇವೆ, ಕೈಯಲ್ಲೇ ದುಡ್ಡು ಕೊಡುತ್ತೇವೆ ಅಂತ ಹೇಳಿದೆವು. ಹಿಂದಿನ ದಿನವೇ ಯಾರಿಗೆ ಎಷ್ಟು ಅಂತ ಬರೆದು ಕೊಟ್ಟೆವು. ಈಗ ಎರಡು ವರ್ಷದಿಂದ ಗುರುವಾರದ ತರಕಾರಿ ನಿಂತಿಲ್ಲ. ನಿಮ್ಮೂರಲ್ಲಿ ಅಂಗಡಿಯವರು ಒಪ್ಪದಿದ್ದರೆ, ಪೇಟೆಗೆ ದಿನಾ ಬೈಕಿನಲ್ಲಿ ಹೋಗಿಬರುವ ಯಾರನ್ನಾದರೂ ಕೇಳಿ. ಪೆಟ್ರೋಲಿಗೆ ಮನೆಗೆ 5 ರೂಪಾಯಿ ಕೊಟ್ಟರೂ ನಮಗೆ ಲಾಭವೇ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ, ಮೈ ಸೋಲುತ್ತದೆ. ಕೂಲಿ ಮಾಡಿ ಬಂದು ಮಾಡುವ ಕೆಲಸ ಇದು. ಈ ವಾರ ನೋಟ್‌ಬುಕ್ ಇಡಿ, ಬಸ್ಸಿನ ಹೊತ್ತು ಕೇಳಿ. ಮುಂದಿನ ಸಂತೆಗೆ ದುಡ್ಡು ಮೂರು ಗಂಟು ಕಟ್ಟಿ. ಆ ಸಂತೆಯಿಂದ ಬರುವಾಗ ಎರಡು ನುಗ್ಗೆ ಬೀಜ, ಒಂದು ಹಿಡಿ ದಂಟಿನ ಬೀಜ ಸೆರಗಿಗೆ ಕಟ್ಟಿಕೊಂಡು ಬನ್ನಿ. ಬೇಲಿಗೆ ಮುಳ್ಳು ಅಷ್ಟರೊಳಗೆ ತಂದು ಹಾಕಿರಿ.